ಲವಂಗ ಹಾಕಿದ ಅಂಟು

ಹಿಟ್ಟಿನ ಅಂಟಿಗೆ ಒಂದೆರಡು ಲವಂಗ ಹಾಕಿ ಕುದಿಸಿದರೆ ಏಳುವ ವಾಸನೆ, ಗುಮಾಸ್ತನ ಪಾಲಿಗೆ ಅವನ ಅಮ್ಮನ ವಾಸನೆ. ಶಾಲೆ ಶುರುವಾಗುವ ಹಿಂದಿನ ದಿನ ಅಮ್ಮ ಅಡುಗೆಮನೆಯ ನೆಲದ ಮೇಲೆ ಕೂತು ಅವನ ಪುಸ್ತಕಗಳಿಗೆಲ್ಲ ಬೈಂಡು ಹಾಕುತ್ತಿದ್ದಳು. ಲವಂಗ ಬಿದ್ದರೆ ಅಂಟು ಹುಳಿಯುವುದಿಲ್ಲ, ಹುಳ ಹತ್ತುವುದಿಲ್ಲ ಎನ್ನುತ್ತಿದ್ದಳು. ಅಮ್ಮ ಹೋಗಿ ಆರು ವರ್ಷವಾಗಿತ್ತು. ಈಗ ಅದೇ ವಾಸನೆ ಶಿಕ್ಷಣ ಕಚೇರಿಯ ಟಪಾಲಿನಲ್ಲಿ, ಹೆಸರಿಲ್ಲದೆ ಬರುತ್ತಿದ್ದ ದೂರುಗಳ ಹನ್ನೊಂದನೆಯ ಲಕೋಟೆಯಿಂದ ಬರುತ್ತಿತ್ತು.

"ಮೂಸ್ತಾ ಕೂತಿದ್ದೀರಲ್ರೀ, ಅದೇನು ಮಲ್ಲಿಗೆ ಹೂವಾ? ಓದಿ!" ಎಂದರು ಸಾಹೇಬರು.

ಗುಮಾಸ್ತ ಓದಿದ. ಯಾರು ಬೇಕಾದರೂ ಟೈಪಿಂಗ್ ಅಂಗಡಿಯಲ್ಲಿ ಮಾಡಿಸಬಹುದಾದ ಒಂದು ಹಾಳೆ. 'ಶಾಲೆಯ ನಾಲ್ಕನೇ ತರಗತಿಯ ಗೋಡೆ ಬಿರುಕು ಬಿಟ್ಟು ಎರಡು ವರ್ಷವಾಯಿತು. ಮಕ್ಕಳು ಜಗಲಿಯಲ್ಲಿ ಕೂರುತ್ತಿದ್ದಾರೆ. ದುರಸ್ತಿಯ ಕಡತ ನಿಮ್ಮ ಕಚೇರಿಯ ಎರಡನೇ ಮೇಜಿನಲ್ಲಿ ಒಂಬತ್ತು ತಿಂಗಳಿಂದ ಮಲಗಿದೆ. ಈ ಚುನಾವಣೆಯಲ್ಲಿ ಓಟು ಕೇಳಲು ಬರುವವರಿಗೆ ಮೊದಲು ಆ ಗೋಡೆಗೆ ಒರಗಿ ನಿಲ್ಲಲು ಹೇಳುತ್ತೇವೆ. ಇಂತಿ, ಒಬ್ಬ ನಾಗರಿಕ.'

ಇದರ ನಕಲು ವಾರ್ಡಿನ ಮನೆಮನೆಗೂ ಹೋಗಿತ್ತು. ಜನ ನಿಜವಾಗಿಯೂ ಕೇಳತೊಡಗಿದ್ದರು. ಮತ್ತೆ ಸ್ಪರ್ಧಿಸಿದ್ದ ಹಾಲಿ ಸದಸ್ಯರಿಗೆ ಒಂದೇ ಬೀದಿಯ ಮೂರು ಬಾಗಿಲಲ್ಲಿ ಅದೇ ಪ್ರಶ್ನೆ. ಅಂಗಿ ಕೊಳೆಯಾಗುತ್ತದೆ ಎಂದು ನಕ್ಕು ಜಾರಿಕೊಂಡಿದ್ದರಂತೆ. ಆಮೇಲೆ ನೇರವಾಗಿ ಸಾಹೇಬರಿಗೆ ಫೋನು.

"ಎರಡನೇ ಮೇಜು ಅಂತ ಹೊರಗಿನವರಿಗೆ ಹೇಗ್ರೀ ಗೊತ್ತಾಯ್ತು? ನೀವು ಬಾಯಿ ಬಿಟ್ರಾ?"

"ಇಲ್ಲ ಸಾರ್. ಕಚೇರಿ ವಿಷಯ ನಾನು ಹೊರಗೆ ಯಾರ ಹತ್ರಾನೂ ಮಾತಾಡಲ್ಲ."

ಅದು ನಿಜವೇ. ಹೊರಗೆ ಅವನು ಯಾರೊಂದಿಗೂ ಬಾಯಿ ಬಿಟ್ಟವನಲ್ಲ.

"ನಾಳೆ ಸಂಜೆಯೊಳಗೆ ನನಗೊಂದು ಹೆಸರು ಬೇಕು. ಸಿಗದಿದ್ರೆ ಎರಡನೇ ಮೇಜಲ್ಲಿ ಕೂರೋರ ಹೆಸರನ್ನೇ ಬರೀತೀನಿ."

ಎರಡನೇ ಮೇಜಲ್ಲಿ ಕೂರುತ್ತಿದ್ದವನು ಗುಮಾಸ್ತನೇ.

ಮಧ್ಯಾಹ್ನ ಅವನು ಶಾಲೆಗೆ ಹೋದ. ಅವನ ಮಗಳು ಪುಟ್ಟಿ ಅಲ್ಲೇ ನಾಲ್ಕನೇ ತರಗತಿ. ಜಗಲಿಯಲ್ಲಿ ಟೀಚರ್ ಮಕ್ಕಳ ಜೊತೆ ಸೇರಿ ರಟ್ಟಿನ ಮೇಲೆ ನಕಾಶೆ ಅಂಟಿಸುತ್ತಿದ್ದರು. ಗೋಡೆಯ ವಿಷಯ ಕೇಳಲು ಎರಡು ಸಲ ಕಚೇರಿಗೆ ಬಂದು ಅವನ ಮೇಜಿನೆದುರು ನಿಂತು ಹೋದವರು ಇವರೇ. ಪಕ್ಕದಲ್ಲಿ ಒಂದು ಬಟ್ಟಲು. ಬಟ್ಟಲಲ್ಲಿ ಹಿಟ್ಟಿನ ಅಂಟು.

ಸಿಕ್ಕಿತು ಎಂದುಕೊಂಡ ಗುಮಾಸ್ತ.

"ಬನ್ನಿ ಸಾರ್. ಪುಟ್ಟಿ ಚಪ್ಪಲಿ ಬಾರು ಕಿತ್ಹೋಗಿತ್ತು, ಹೊಲಿದಿದ್ದೀನಿ. ಬರಿಗಾಲಲ್ಲಿ ಹೋಗ್ಬೇಡ ಅಂತ ಹೇಳಿ," ಎಂದರು ಟೀಚರ್.

ಅವನು ಬಟ್ಟಲಿನತ್ತ ಬಗ್ಗಿದ. ಹುಳಿ ವಾಸನೆ ಮೂಗಿಗೆ ರಪ್ಪನೆ ಬಡಿಯಿತು.

"ಇದಕ್ಕೆ ಲವಂಗ ಹಾಕಲ್ವಾ ಟೀಚರ್?"

"ಅಂಟಿಗಾ?" ಟೀಚರಿಗೆ ನಗು ತಡೆಯಲಾಗಲಿಲ್ಲ. "ಮಕ್ಕಳು ಮೊದಲೇ ಅಂಟು ನೆಕ್ತಾರೆ ಸಾರ್. ಲವಂಗ ಬೇರೆ ಹಾಕಿದ್ರೆ ನಕಾಶೆಗೆ ಉಳಿಯುತ್ತಾ?"

ಇವರಲ್ಲ ಎಂದು ಅವನಿಗೆ ಆಗಲೇ ಖಚಿತವಾಯಿತು. ಹೊಲಿದ ಬಾರಿನ ಚಪ್ಪಲಿ ಮೆಟ್ಟಿಕೊಂಡು ಮಗಳು ದಾರಿಯುದ್ದಕ್ಕೂ ಕುಣಿಯುತ್ತಾ ಬಂದಳು. ಅವನ ಕಣ್ಣು ಮಾತ್ರ ಆ ಹೊಲಿಗೆ ಬಿಟ್ಟು ಬೇರೆಡೆ ಹೋಗಲಿಲ್ಲ.

ಮರುದಿನ ಸಂಜೆ ಐದಕ್ಕೆ ಐದು ನಿಮಿಷವಿದ್ದಾಗ ಅವನು ಸಾಹೇಬರ ಮುಂದಿನ ಚೀಟಿಯ ಮೇಲೆ ಟೀಚರ ಹೆಸರು ಬರೆದ.

ಆ ದಿನ ಊಟಕ್ಕೆ ಬಡಿಸುತ್ತಾ ಹೆಂಡತಿ ಎಂದಿನಂತೆ ಕೇಳಿದಳು: "ಕಚೇರೀಲಿ ಏನಾಯ್ತು ಇವತ್ತು?"

ಮದುವೆಯಾದಾಗಿನಿಂದ ದಿನವೂ ಕೇಳುವ ಪ್ರಶ್ನೆ. ಸಾಹೇಬರ ಕೆಮ್ಮಿನಿಂದ ಹಿಡಿದು ಜವಾನನ ಆಕಳಿಕೆಯವರೆಗೆ ಅವನು ಅಭಿನಯಿಸಿ ತೋರಿಸುತ್ತಿದ್ದ. ಅವಳು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

"ಏನೂ ಇಲ್ಲ," ಎಂದ.

ಅವಳು ಅವನ ಮುಖ ನೋಡಿದಳು. ಇನ್ನೊಂದು ಸೌಟು ಸಾರು ಬಡಿಸಿದಳು.

ನಾಲ್ಕನೆಯ ದಿನ ಟೀಚರ ವರ್ಗಾವಣೆಯ ಆದೇಶ ಬಂತು. ಬಸ್ಸಿನಲ್ಲಿ ಒಂದು ಹಗಲಿನ ದಾರಿಯ ಊರು. ಟೀಚರ ಮನೆಯಲ್ಲಿ ಹಾಸಿಗೆ ಹಿಡಿದ ತಂದೆ ಇದ್ದಾರೆಂಬುದು ಕಚೇರಿಗೆಲ್ಲ ತಿಳಿದ ವಿಷಯ. ಆದೇಶವನ್ನು ಲಕೋಟೆಗೆ ಹಾಕಿ ಅಂಟಿಸುವುದು ಗುಮಾಸ್ತನ ಕೆಲಸ. ಅಂಟಿಸಿದ. ಕಚೇರಿಯ ಗೋಂದಿಗೆ ಯಾವ ವಾಸನೆಯೂ ಇರಲಿಲ್ಲ. ಆದರೂ ಮೂರು ಸಲ ಕೈ ತೊಳೆದುಕೊಂಡ.

ಮರುದಿನ ಬೆಳಿಗ್ಗೆ ಪುಟ್ಟಿ ಟೀಚರ್ ಇಲ್ಲದ ಶಾಲೆಗೆ ಹೋಗುವುದಿಲ್ಲವೆಂದು ಮೂಲೆಯಲ್ಲಿ ಕೂತು ಅಳುತ್ತಿದ್ದಳು. ಗುಮಾಸ್ತ ಬಾಗಿಲ ಬಳಿ ಬಗ್ಗಿ ಬೂಟಿನ ದಾರ ಕಟ್ಟುತ್ತಿದ್ದ. ಕಟ್ಟಿದ್ದನ್ನೇ ಬಿಚ್ಚಿ ಮತ್ತೆ ಕಟ್ಟುತ್ತಿದ್ದ.

"ಆ ಕಾಗದ ಬರೆದವರು ಅಂತ ಟೀಚರ್ ಹೆಸರು ಕೊಟ್ಟಿದ್ದು ಯಾರಂತೆ ರೀ?" ಎಂದಳು ಹೆಂಡತಿ.

"ಯಾರಿಗ್ಗೊತ್ತು."

"ನಿಮ್ಮ ಮೇಜಿಗೆ ಗೊತ್ತಾಗದೆ ಅಲ್ಲಿ ಒಂದು ಕಾಗದಾನೂ ಅಲ್ಲಾಡಲ್ಲ ಅಂತ ನೀವೇ ಹೇಳ್ತಿದ್ರಿ."

ದಾರ ಅವನ ಬೆರಳಿಂದ ಜಾರಿತು. ಅವನು ತಲೆ ಎತ್ತಲಿಲ್ಲ. "ನಾನೇ ಕಣೇ. ಅವರಲ್ಲ ಅಂತ ಗೊತ್ತಿದ್ದೂ ಬರೆದುಕೊಟ್ಟೆ. ಇಲ್ದಿದ್ರೆ ನನ್ನ ಕೆಲಸ ಹೋಗ್ತಿತ್ತು."

ಬೈಯುತ್ತಾಳೆ ಎಂದು ಕಾದ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಅವಳು ಮಗಳ ಕಣ್ಣೊರೆಸಿ ಒಳಗೆ ಹೋದಳು. ಬಹಳ ಹೊತ್ತು ಬರಲಿಲ್ಲ. ಬಂದಾಗ ಅವಳ ಕಣ್ಣೂ ಕೆಂಪಾಗಿತ್ತು.

"ತಪ್ಪು ನಿಮ್ಮೊಬ್ಬರದೇ ಅಲ್ಲ. ಸುಮ್ಮನಿದ್ದವರದ್ದೂ ಇದೆ," ಎಂದಳು.

ಎಂದಿನಂತೆ ಬಿಸಿಯಾಗಿದ್ದ ಊಟದ ಡಬ್ಬಿಯನ್ನು ಅವನ ಎರಡೂ ಕೈಗಳಲ್ಲಿ ಮೆಲ್ಲಗೆ ಇಟ್ಟಳು. ಡಬ್ಬಿಯ ಮೇಲೆ ಹನ್ನೆರಡನೆಯ ಲಕೋಟೆ ಇತ್ತು. ಅದರ ಅಂಟು ಇನ್ನೂ ಒದ್ದೆಯಾಗಿತ್ತು, ಲವಂಗ ಘಮ್ಮೆನ್ನುತ್ತಿತ್ತು. "ಲವಂಗ ಹಾಕೋದು ಅತ್ತೆ ಕಲಿಸಿದ್ದು," ಎಂದಳು. "ಈ ಸಲ ಕೆಳಗೆ ನನ್ನ ಹೆಸರು ಹಾಕಿದ್ದೀನಿ. ಸಾಹೇಬರ ಕೈಗೇ ಕೊಡಿ. ಊಟ ಮಾತ್ರ ಆರೋಕೆ ಬಿಡ್ಬೇಡಿ."