ಫೋನಿನೊಳಗಿನ ಹಲ್ಲಿ

ಏಳು ಸಮುದ್ರದಾಚೆಯ ಮಾತಲ್ಲ, ಕೃಷ್ಣೆಯ ಈಚೆ ದಂಡೆಯ ಮಾತು. ಅಲ್ಲೊಂದು ಊರಲ್ಲಿ ಸತ್ಯವ್ವನ ಮನೆಗೆ ಹೊಸ ಫೋನು ಬಂತು, ಅದರೊಳಗೆ ಒಂದು ಹಲ್ಲಿಯೂ ಬಂತು. ಲೋಕಾಪುರದ ಸಾವಕ್ಕ ಫೋನು ಮಾಡಿ, "ನಮ್ಮ ಮಗ ದಶರಥಗ ನಿಮ್ಮ ಮೊಮ್ಮಗಳನ್ನ ಕೊಡ್ತೀರೇನ್ರಿ?" ಎಂದು ಕೇಳಿದ್ದೇ ತಡ, ಅದು 'ಲೊಚ್' ಎಂದಿತು.

ಸತ್ಯವ್ವ ಬೆರಳಿನಿಂದ ನೆಲ ಕುಟ್ಟಿ ಫೋನು ಇಟ್ಟೇಬಿಟ್ಟಳು.

"ಯಾಕಬೇ ಆಯಿ?" ಮೊಮ್ಮಗಳು ಲಗಮವ್ವನ ಜೀವ ಬಾಯಿಗೆ ಬಂತು. ಮುಧೋಳದ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಬಿಟ್ಟುಕೊಟ್ಟು ನಾಚಿ ನಿಂತಿದ್ದ ದಶರಥ ಆಕೆಯ ಕಣ್ಣಿಗೆ ಕಟ್ಟಿದ್ದ.

"ಹಲ್ಲಿ ಮೂಡಣಕ್ಕ ನುಡಿದರ ಛಲೋ, ತೆಂಕಣಕ್ಕ ನುಡಿದರ ಕೆಟ್ಟ. ಇದು ಯಾವ ದಿಕ್ಕಿಗೆ ಕುಂತೈತೋ! ತಿಳಿಯೂತನಕ ಮಾತಿಲ್ಲ."

ಸಾವಕ್ಕ ಮತ್ತೆ ಫೋನು ಮಾಡಿದಳು, ಹಲ್ಲಿ ಮತ್ತೆ ನುಡಿಯಿತು. "ಐತಾರತನಕ ಕಾಯ್ತೀವ್ರಿ. ಆಮ್ಯಾಲೆ ಬ್ಯಾರೆ ಮನಿ ನೋಡ್ತೀವಿ" ಎಂದು ಆಕೆಯೂ ಭಾನುವಾರದ ಗಡುವು ಹಾಕಿದಳು.

ದಿಕ್ಕು ನೋಡಲು ಸತ್ಯವ್ವ ಮೊಮ್ಮಗಳನ್ನು ಕರೆದುಕೊಂಡು ಊರಿನ ಟೆಲಿಫೋನ್ ಎಕ್ಸ್‌ಚೇಂಜಿಗೇ ಹೋದಳು. ಬೀರುವಿನಂಥ ಯಂತ್ರದ ಹಿಂದೆ ಬಗ್ಗಿ ಹುಡುಕಿದಳು. ಮೆಕ್ಯಾನಿಕ್ ಹೊಳೆಪ್ಪ ನಕ್ಕ.

"ಹಲ್ಲಿ ಅಲ್ಲಬೇ ಆಯಿ, ಗಡಿಯಾರ. ಮಾತು ಚೂರುಚೂರಾಗಿ ಬರ್ತೈತಿ. ದೊಡ್ಡ ಎಕ್ಸ್‌ಚೇಂಜು ತನ್ನ ಗಡಿಯಾರದ ತಾಳಕ್ಕ ಒಗೀತೈತಿ, ನಮ್ಮದು ತನ್ನ ತಾಳಕ್ಕ ಹಿಡೀತೈತಿ. ಕೂದಲೆಳಿಯಷ್ಟು ಹಿಂದಮುಂದ ಆದರೂ ಆಗಾಗ ಒಂದು ಚೂರು ಜಾರತೈತಿ. ಅದಽ ಲೊಚ್."

ಸತ್ಯವ್ವ ಯೋಚಿಸಿದಳು. "ಒಂದು ಒಳ್ಳಿನ್ಯಾಗ ಇಬ್ಬರು ಕುಟ್ಟಿದ್ಹಾಂಗ ಅನ್ನು. ಒಬ್ಬಾಕಿ ಇನ್ನೊಬ್ಬಾಕಿ ಕೈ ನೋಡಲಿಲ್ಲಂದ್ರ ಒನಕಿಗೆ ಒನಕಿ ಬಡೀತಾವ."

"ಬರೋಬರಿ! ನಮ್ಮದಕ್ಕ ದೊಡ್ಡದರ ಕೈ ನೋಡಾಕ ಹಚ್ಚೂ ಕಾರ್ಡು ಕೆಟ್ಟೈತಿ. ಐತಾರದೊಳಗ ಹೊಸಾದು ಹಾಕ್ತೀನಿ, ನನ್ನ ಮಾತು."

"ನೀ ಹಾಕೂದರಾಗ ದಶರಥ ಅಜ್ಜ ಆಗಿರ್ತಾನ" ಎಂದಳು ಸತ್ಯವ್ವ. ಲಗಮವ್ವನಿಗೆ ನಗು ಬರಲಿಲ್ಲ.

ಐತಾರ ಬೆಳಗಿನ ಬಸ್ಸಿಗೆ ಹೊಳೆಪ್ಪ ಬಂದ, ಕಾರ್ಡನ್ನು ಟವೆಲ್ಲಿನಲ್ಲಿ ಕೂಸಿನಂತೆ ಸುತ್ತಿಕೊಂಡು. ಅದನ್ನು ಯಂತ್ರಕ್ಕೆ ಹಾಕಿದ ಮೇಲೆ, ಮಧ್ಯಾಹ್ನ ಫೋನು ರಿಂಗಾಯಿತು. ಸಾವಕ್ಕ ಅದೇ ಮಾತು ಕೇಳಿದಳು. ಸತ್ಯವ್ವ ಹಲ್ಲಿಗಾಗಿ ಕಿವಿಗೊಟ್ಟು ಕಾದಳು. ಇನ್ನಷ್ಟು ಕಾದಳು. ತಂತಿಯೊಳಗೆ ಸಾವಕ್ಕನ ಬಳೆಯ ಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ.

"ಯಾಕ್ರಿ, ಏನೂ ಅನವಲ್ಲಿರಿ?"

ಸತ್ಯವ್ವ ಫೋನಿನ ಬಾಯಿಗೆ ಅಂಗೈ ಮುಚ್ಚಿ ಮೊಮ್ಮಗಳತ್ತ ತಿರುಗಿದಳು.

"ಇಲ್ಲಿ ಯಾರೂ ನುಡೀವಲ್ರು. ನೀನಽ ನುಡಿ, ನನ್ನವ್ವಾ."