ಒಂದು ಉಲ್ಟಾ ಕುಣಿಕೆ

"ಇದು ನಾನು ಹೆಣೆದ ಟೋಪಿ ಅಲ್ಲ," ಅಂದರು ಸಿಸ್ಟರಮ್ಮ.

ಲಾಂಡ್ರಿಯ ಹಿಂದಿನ ಕೋಣೆಯಲ್ಲಿ ಉಳಿದಿಬ್ಬರ ಕಡ್ಡಿಗಳು ಗಕ್ಕನೆ ನಿಂತವು. ಗುರುವಾರ ಮಧ್ಯಾಹ್ನವೆಂದರೆ ಇಸ್ತ್ರಿ ಮೇಜಿನ ಬಟ್ಟೆ ಪಕ್ಕಕ್ಕೆ ಸರಿಯುತ್ತದೆ, ಮೂರು ಕುರ್ಚಿ ಹತ್ತಿರ ಬರುತ್ತವೆ. ಹೆರಿಗೆ ವಾರ್ಡಿನಲ್ಲೇ ತಲೆ ನರೆಸಿಕೊಂಡು ನಿವೃತ್ತರಾದ ಸಿಸ್ಟರಮ್ಮ, ಲಾಂಡ್ರಿಯ ಒಡತಿ, ಪಕ್ಕದ ಮನೆಯ ಡ್ರೈವರಣ್ಣ. ಅವನು ಬಸ್ಸನ್ನು ಕಂಬಕ್ಕೆ ಗುದ್ದಿ ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದಿದ್ದಾಗ ಸೂಜಿ ಚುಚ್ಚಲು ಬಂದ ಸಿಸ್ಟರಮ್ಮ, ಕೈಯಾದರೂ ಆಡಲಿ ಎಂದು ಹೆಣಿಗೆ ಕಡ್ಡಿ ಹಿಡಿಸಿ ಹೋಗಿದ್ದರು. ಮುಗಿಸುವುದು ಹೇಗೆಂದು ಕೇಳಲು ನಾಚಿಕೊಂಡು ಅವನು ಮೂರು ಮಾರುದ್ದದ ಮಫ್ಲರು ಹೆಣೆದಿದ್ದ. ಈಗ ಮೂವರೂ ಹೆಣೆದದ್ದೆಲ್ಲ ಒಂದು ರಟ್ಟಿನ ಡಬ್ಬ ಸೇರಿ, ತಿಂಗಳಿಗೊಮ್ಮೆ ಅದೇ ವಾರ್ಡಿನ ಕೂಸುಗಳಿಗೆ ಹೋಗುತ್ತದೆ.

"ಹೀಗಂದ್ರೆ ಹೇಗೆ ಸಿಸ್ಟರಮ್ಮ?" ಲಾಂಡ್ರಿಯಾಕೆ ನಕ್ಕಂತೆ ಮಾಡಿದಳು. "ಹಳದಿ ಉಲ್ಲನ್ನು ನೀವೇ ಆರಿಸಿದ್ದು. ಹೋದ ವಾರ ನೀವೇ ಡಬ್ಬಕ್ಕೆ ಹಾಕಿದ್ದು. ಅಂಚು ನೋಡಿ, ನಿಮ್ಮದೇ."

"ಅಂಚು ನಂದೇ ಕಣೆ. ಅಲ್ಲಿಂದ ಮೇಲೆ ನಿನ್ನ ಕೈ. ನಿಂದು ಬಿಗಿ ಕೈ, ಜಿಪುಣಿಯ ಸೆರಗಿನ ಗಂಟಿನ ಹಾಗೆ."

ಸಿಸ್ಟರಮ್ಮ ಟೋಪಿಯನ್ನು ನೋಡುತ್ತಲೂ ಇರಲಿಲ್ಲ. ಮುಖ ಕಿಟಕಿಯ ಕಡೆಗಿತ್ತು. ಹೆಬ್ಬೆರಳು ಮಾತ್ರ ಅಂಚಿನ ಗುಂಟ ಒಂದು ಸುತ್ತು ಹೋಗಿ, ಹುಡುಕಿದ್ದು ಸಿಗದೆ ಇನ್ನೊಂದು ಸುತ್ತು ಹೊರಟಿತು.

ಡ್ರೈವರಣ್ಣ ಕೆಮ್ಮಿದ. "ಚಹಾ ತರ್ಲಾ?"

"ಕೂತ್ಕೊಳಯ್ಯಾ. ಚಹಾ ತರೋ ದನಿ ಅಲ್ಲ ಅದು. ಎಷ್ಟು ದಿನದಿಂದ ನಡೀತಿದೆ ಇದು?"

"ಆರು ತಿಂಗಳಾಯ್ತು," ಅಂದ. ಬಸ್ಸು ಕಂಬಕ್ಕೆ ಗುದ್ದಿದ ದಿನವೂ ಅವನ ದನಿ ಇಷ್ಟು ಸಣ್ಣಗಾಗಿರಲಿಕ್ಕಿಲ್ಲ. "ನಿಮ್ಮ ಟೋಪೀಲಿ ಕುಣಿಕೆ ಜಾರ್ತಿತ್ತು ಸಿಸ್ಟರಮ್ಮ. ಒಂದೊಂದರಲ್ಲಿ ನಾಲ್ಕು, ಐದು. ಜಾರಿದ ಕುಣಿಕೆಗೆ ಕೂಸಿನ ಬೆರಳು ಸಿಕ್ಕಿಕೊಳ್ಳುತ್ತೆ ಅಂತ ಹೇಳಿಕೊಟ್ಟೋರೇ ನೀವು. ಹಾಗೇ ಕಳಿಸೋಕಾಗುತ್ತಾ? ನಿಮಗೆ ಹೇಳೋಕೆ ಬಾಯಿ ಬರಲಿಲ್ಲ. ನೀವು ಆ ಕಡೆ ಹೋದ್ಮೇಲೆ ಈಕೆ ಬಿಚ್ಚಿ ಹೆಣೀತಾಳೆ, ನಾನು ಉಂಡೆ ಸುತ್ತಿ ಕೊಡ್ತೀನಿ."

ಸಿಸ್ಟರಮ್ಮ ಕೇಳಿಸಿಕೊಂಡರು. ಆಮೇಲೆ ಮಡಿಲಲ್ಲಿದ್ದ ಅರ್ಧ ಹೆಣಿಗೆಯಿಂದ ಕಡ್ಡಿಯನ್ನು ಸರ್ರನೆ ಎಳೆದರು. ಮುಂದಿನ ವಾರ ಬರುವವರು ಕಡ್ಡಿಯನ್ನು ಹೆಣಿಗೆಯಲ್ಲೇ ಬಿಟ್ಟು ಏಳುತ್ತಾರೆ. ಮತ್ತೆ ಬರದವರು ಮಾತ್ರ ಹೀಗೆ ಎಳೆಯುತ್ತಾರೆ. ಸಾಲಿನ ತುಂಬ ಕುಣಿಕೆಗಳು ಹಿಡಿಯುವವರಿಲ್ಲದೆ ಬಾಯಿ ತೆರೆದು ನಿಂತವು.

"ಕಣ್ಣು ಮಬ್ಬಾಗ್ತಿದೆ, ಇನ್ನು ಸರಿಹೋಗಲ್ಲ ಅಂತ ಡಾಕ್ಟರು ಹೇಳಿ ವರ್ಷವಾಯ್ತು," ಅಂದರು, ಕಡ್ಡಿಗಳಿಗೆ ರಬ್ಬರ್ ಬ್ಯಾಂಡ್ ಸುತ್ತುತ್ತ. "ಕಣ್ಣು ಹೋದ್ರೆ ಹೋಗಲಿ, ಕೈ ಇದೆಯಲ್ಲ ಅಂದ್ಕೊಂಡಿದ್ದೆ. ನಿಮ್ಮಿಬ್ಬರಿಗೆ ಬಿಟ್ಟಿ ಕೆಲಸ ಹಚ್ಚೋಕೆ ಬರ್ತಿದ್ದೀನಿ ಅಂತ ಗೊತ್ತಿರಲಿಲ್ಲ."

"ಬಿಟ್ಟಿಯಂತೆ ಬಿಟ್ಟಿ!" ಲಾಂಡ್ರಿಯಾಕೆಗೆ ಅಳು ಬಂತೋ ಸಿಟ್ಟು ಬಂತೋ ಅವಳಿಗೇ ತಿಳಿಯಲಿಲ್ಲ. "ಜಾರಿದ್ದನ್ನ ಕ್ರೋಶಾ ಕಡ್ಡೀಲಿ ಎತ್ತಿ ಗಂಟು ಹಾಕೋದು ಹತ್ತು ನಿಮಿಷದ ಕೆಲಸ. ನನ್ನ ಪ್ರಾಣ ತಿಂದದ್ದು ನಿಮ್ಮ ಆ ಇನ್ನೊಂದು ತಪ್ಪು. ಅಂಚು ಮುಗಿದು ಎರಡನೇ ಸಾಲು, ಎಲ್ಲಾ ಸೀದಾ ಕುಣಿಕೆ, ನಡುವೆ ಒಂದೇ ಒಂದು ಉಲ್ಟಾ! ಪ್ರತಿ ಟೋಪೀಲೂ! ಅದಕ್ಕೋಸ್ಕರ ನೆತ್ತಿಯಿಂದ ಕೆಳಗಿನವರೆಗೂ ಬಿಚ್ಚಿದೀನಿ. ಒಂದು ಕುಣಿಕೆ ತಪ್ಪಿದ್ರೆ ಬೆರಳ ಗೆಣ್ಣಿಗೆ ಕುಟ್ಟಿ ಬಿಚ್ಚಿಸಿದೋರು ನೀವು. ನಿಮ್ಮ ಹೆಸರಿನ ಟೋಪೀಲಿ ತಪ್ಪು ಬಿಡೋಕಾಗುತ್ತಾ?"

ಸಿಸ್ಟರಮ್ಮನ ಕೈ ಚೀಲದ ಬಾಯಲ್ಲೇ ನಿಂತಿತು.

"ಅದು ತಪ್ಪಲ್ಲ ಕಣೆ."

"ಮತ್ತೆ?"

"ಗುರುತು. ವಾರ್ಡಲ್ಲಿ ಕರೆಂಟು ಹೋದಾಗ ಡಬ್ಬಕ್ಕೆ ಕೈ ಹಾಕಿದ್ರೆ ಹೆಬ್ಬೆರಳಿಗೆ ಗೊತ್ತಾಗಬೇಕು. ಆ ಉಲ್ಟಾ ಕುಣಿಕೆ ಚುಚ್ಚಿದ್ರೆ ಚಿಕ್ಕ ಟೋಪಿ, ತಿಂಗಳು ತುಂಬದ ಕೂಸಿಗೆ. ನಾನು ಹೆಣೆಯೋದೆಲ್ಲ ಅವೇ. ದೊಡ್ಡದು ಹಾಕಿದ್ರೆ ಅವುಗಳ ಮೂಗಿನ ಮೇಲೇ ಇಳಿಯುತ್ತೆ. ನಾನು ಕಲಿಸಿದ ಹುಡುಗೀರು ಇವತ್ತಿಗೂ ಹಾಗೇ ಹುಡುಕೋದು."

ಡ್ರೈವರಣ್ಣ ಹಣೆ ಚಚ್ಚಿಕೊಂಡ. "ಅದಕ್ಕೇ ಹೋದ ತಿಂಗಳು ವಾರ್ಡಿನ ಆಯಾ ಬಂದು ಚಿಕ್ಕ ಟೋಪಿ ಯಾಕೆ ಕಳಿಸ್ತಿಲ್ಲ ಅಂತ ಜಗಳ ತೆಗೆದದ್ದು! ನಾನು ಆಕೆಗೇ ತಲೆ ಕೆಟ್ಟಿದೆ ಅಂದ್ಕೊಂಡೆ."

"ಒಂದು ಮಾತು ಹೇಳಿದ್ರೆ ಏನಾಗ್ತಿತ್ತು ಸಿಸ್ಟರಮ್ಮ?" ಅಂದಳು ಲಾಂಡ್ರಿಯಾಕೆ.

"ನೀವು ಹೇಳಿದ್ರಾ?"

ಮೊದಲು ನಕ್ಕದ್ದು ಡ್ರೈವರಣ್ಣ. ತಡೆಯಲು ನೋಡಿದ, ಆಗಲಿಲ್ಲ. ಆಮೇಲೆ ಮೂವರೂ, ಇಸ್ತ್ರಿ ಮೇಜು ಅಲ್ಲಾಡುವ ಹಾಗೆ.

ನಗು ಇಳಿದ ಮೇಲೆ ಸಿಸ್ಟರಮ್ಮ ಚೀಲದಿಂದ ಆ ವಾರ ಮುಗಿಸಿದ ಹಸಿರು ಟೋಪಿ ತೆಗೆದು ಮೇಜಿನ ಮೇಲೆ ದೂಡಿದರು.

"ಜಾರಿದ್ದನ್ನ ಎತ್ತು. ಬಿಚ್ಚಬೇಡ."

"ಹೂಂ."

ಕಡ್ಡಿಗಳು ಚೀಲದಿಂದ ಮತ್ತೆ ಹೊರಬಂದವು. ಸಿಸ್ಟರಮ್ಮ ಕಿಟಕಿಯ ಕಡೆ ಮುಖ ಮಾಡಿ, ಬಾಯಿ ತೆರೆದು ನಿಂತ ಕುಣಿಕೆಗಳನ್ನು ಬೆರಳಲ್ಲೇ ತಡವಿ ಒಂದೊಂದಾಗಿ ಕಡ್ಡಿಗೆ ಏರಿಸತೊಡಗಿದರು. ನೆರವಾಗಲು ಬಂದ ಡ್ರೈವರಣ್ಣನ ಗೆಣ್ಣಿಗೆ ಒಂದು ಬಿತ್ತು. ಅತ್ತ ಲಾಂಡ್ರಿಯಾಕೆ ಹಸಿರು ಟೋಪಿಯನ್ನು ಬೆಳಕಿಗೆ ಹಿಡಿದು ಸುತ್ತ ತಿರುಗಿಸಿದಳು. ಸಾಲು ತಪ್ಪಿದ ಕುಣಿಕೆ ಆರು ಸಿಕ್ಕವು. ಐದನ್ನು ಸರಿಮಾಡಿ ಡಬ್ಬಕ್ಕೆ ಹಾಕಿದಳು.