'ನಾನು' ಅಂತ ಶುರುಮಾಡು

ವಿದ್ಯಾರ್ಥಿನಿ ಮಾಡಿದ ತಿದ್ದುಪಡಿ ಮೇಷ್ಟ್ರ ಹೆಸರಿನಲ್ಲಿ ಹೋಯಿತು.

ಅದು ಕಣ್ಣು ಕಾಣದವರಿಗೆ ಪರದೆಯ ಮೇಲಿನ ಬರಹವನ್ನು ಓದಿ ಹೇಳುವ ಮುಕ್ತ ತಂತ್ರಾಂಶ. ಯಾರು ಬೇಕಾದರೂ ಒಳಗೆ ಕೈಹಾಕಿ ರಿಪೇರಿ ಮಾಡಬಹುದು. ಒತ್ತಕ್ಷರ ಬಂದರೆ ಸಾಕು, ನುಂಗಿಬಿಡುತ್ತಿತ್ತು. ಕತ್ತೆಯನ್ನು ಕತೆ ಎನ್ನುತ್ತಿತ್ತು. "ಇನ್ನೂ ನುಂಗ್ತಾನೇ ಇದೆ ಕಣೇ, ಇದಕ್ಕೆ ಊಟ ಹಾಕಿಲ್ವೇನೇ?" ಎಂದು ರೇಗಿಸುತ್ತ, ವಿದ್ಯಾರ್ಥಿನಿಯ ದೃಷ್ಟಿಯಿಲ್ಲದ ಅಕ್ಕ ಎರಡು ತಿಂಗಳು ಪಕ್ಕದಲ್ಲೇ ಕೂತು ಕಿವಿಗೊಟ್ಟಳು. ಒತ್ತಿಗೆ ಮುಂಚೆ ದನಿ ಒಂದು ಚೂರು ತಡೆದು ನಿಂತರೆ ಸರಿಹೋಗುತ್ತದೆ ಎಂದವಳೂ ಅವಳೇ. ಇವಳು ತಿದ್ದಿದಳು. ಕಾಲೇಜಿನಿಂದ ಹೋಗುವುದೆಲ್ಲ ತಮ್ಮ ಖಾತೆಯಿಂದಲೇ ಹೋಗಬೇಕು ಎಂದರು ಮೇಷ್ಟ್ರು. ಕೊಟ್ಟಳು.

"ಸರ್, ಅಲ್ಲಿ ನನ್ನ ಹೆಸರು..."

"ಅದು ಎಲ್ಲರದ್ದೂ ಅಲ್ವೇನಮ್ಮಾ? ಹಂಚೋಕೆ ಅಂತಲೇ ಬರೆದಿದ್ದು. ಹಂಚಿದ್ದನ್ನ ಯಾರಾದರೂ ಕದಿಯೋಕಾಗುತ್ತಾ?"

ಅವಳಿಗೆ ತಲೆಬುಡ ತಿಳಿಯಲಿಲ್ಲ. ಮಾತೇನೋ ಸರಿಯಾಗಿಯೇ ಇದೆ! ಎಲ್ಲರದೂ ಅಂದಮೇಲೆ ನನ್ನದು ಎನ್ನುವುದು ದುರಾಸೆಯೇ? ಹಾಗಾದರೆ ಎಲ್ಲರದ್ದರ ಮೇಲೆ ಅವರೊಬ್ಬರ ಹೆಸರು ಹೇಗೆ ಕೂತಿತು? ಅಕ್ಕನನ್ನು ಕೇಳಿದರೆ, "ನನಗೆ ಓದಿ ಹೇಳ್ತಿದೆ, ಅಷ್ಟು ಸಾಕು ಬಿಡೇ," ಎಂದವಳು ಮರುಕ್ಷಣವೇ, "ಆದ್ರೂ ಹೊಟ್ಟೆ ಉರೀತಿದೆ ಕಣೇ," ಎಂದಳು.

ಮೂರನೇ ದಿನ ಮೇಷ್ಟ್ರು ತಮ್ಮ ಕೋಣೆಗೆ ಕರೆಸಿದರು. ತಂತ್ರಾಂಶವನ್ನು ನೋಡಿಕೊಳ್ಳುವ ಆಸಾಮಿ, 'ಗೂಬೆ' ಎಂಬ ಅಡ್ಡಹೆಸರಿನವನು, ಎಲ್ಲರಿಗೂ ಕಾಣುವಂತೆ ಅವರಿಗೊಂದು ಪ್ರಶ್ನೆ ಹಾಕಿದ್ದ: 'ಸರ್, ಬಹಳ ಚೆನ್ನಾಗಿದೆ. ಆದರೆ ಒತ್ತಕ್ಷರಕ್ಕೆ ಮುಂಚೆ ದನಿಯನ್ನು ತಡೆದಿದ್ದೀರಲ್ಲ, ಅದು ನಿಮಗೆ ಹೇಗೆ ಹೊಳೆಯಿತು?'

"ಬೇಗ ಉತ್ತರ ಟೈಪ್ ಮಾಡಮ್ಮ." ಮೇಷ್ಟ್ರು ತಮ್ಮ ಕುರ್ಚಿಯನ್ನೇ ಬಿಟ್ಟುಕೊಟ್ಟರು. "ನನ್ನ ಖಾತೆ ತೆರೆದಿದೆ. 'ನಾನು' ಅಂತ ಶುರುಮಾಡು."

ಕೂತಳು. 'ನಾನು' ಎಂದು ಹೊಡೆದಳು. ಪರದೆಯ ಮೇಲೆ ಆ ಎರಡಕ್ಷರ ಅವಳನ್ನೇ ನೋಡಿತು. ಯಾರಿದು? ಈ ಕುರ್ಚಿಯಲ್ಲಿ ಕೂತವಳೋ, ಬೆನ್ನ ಹಿಂದೆ ನಿಂತವರೋ, ಮನೆಯಲ್ಲಿ ಕಿವಿಗೊಟ್ಟವಳೋ? ಒಂದೂ ಬಗೆಹರಿಯಲಿಲ್ಲ.

"ಏನು ಪಿಳಿಪಿಳಿ ನೋಡ್ತಾ ಕೂತೆ? ಇಂಟರ್ನಲ್ ಮಾರ್ಕ್ಸ್ ನನ್ನ ಕೈಲಿದೆ, ನೆನಪಿರಲಿ."

ಅವಳು ಎದ್ದಳು. ಕುರ್ಚಿಯನ್ನು ಅವರತ್ತ ತಿರುಗಿಸಿದಳು.

"'ನಾನು' ತನಕ ಬರೆದಿದ್ದೀನಿ ಸರ್. ಮುಂದಿನದನ್ನ ನಾನು ಬರೆಯಲ್ಲ. ನೀವೇ ಬರೀರಿ."